ಅಪ್ಪ ತೆಗೆದ ಮಸುಕು ಫೋಟೋ

ಜಾಹೀರಾತು ಕಂಪನಿಯ ಹೊರಕೋಣೆಯಲ್ಲಿ ಅಳತೆಪಟ್ಟಿ ಸುತ್ತುತ್ತ ಕುಳಿತಿದ್ದ ದರ್ಜಿಯಮ್ಮನ ಕಿವಿಗೆ ಪಕ್ಕದ ಅಕ್ಕತಂಗಿಯರ ಮಾತು ಬೇಡವೆಂದರೂ ಬೀಳುತ್ತಿತ್ತು. ತಂಗಿ ಮಾಡೆಲ್, ಅವಳ ಆಲ್ಬಮ್ಮು ಅಕ್ಕನ ತೊಡೆಯ ಮೇಲಿತ್ತು.

"ಈ ಮಸುಕು ಫೋಟೋ ಕಿತ್ತುಹಾಕೇ. ನಿನ್ನ ಮುಖವೇ ಕಾಣಲ್ಲ."

"ಹೊಸ ಪ್ರಯೋಗ ಅಂತ ಹೋದ ವಾರ ಈ ಕಂಪನಿಯವರೆಲ್ಲ ಮೆಚ್ಚಿದ್ದು ಅದನ್ನೇ, ಅಕ್ಕ."

"ಪ್ರಯೋಗವಂತೆ, ಮಣ್ಣು! ಅಪ್ಪನ ಕೈ ನಡುಗಿ ಹಾಗಾಗಿದ್ದು."

"ಅದು ಅಪ್ಪನಿಗೇ ಗೊತ್ತಿಲ್ವಲ್ಲ. ಕಿತ್ತುಹಾಕಿದ್ರೆ ಯಾಕೆ ಅಂತ ಕೇಳ್ತಾರೆ."

"ಇಟ್ಕೊಂಡ್ರೆ ಇವರು ಕೇಳಲ್ವಾ, ತೆಗೆದಿದ್ದು ಯಾರು ಅಂತ?"

"ಕೇಳಿದ್ರು. ಇಂಥವೇ ಇನ್ನಷ್ಟು ಬೇಕು, ಅವರನ್ನ ಕರ್ಕೊಂಡು ಬಾ ಅಂದ್ರು."

"ಅಯ್ಯೋ! ಬೆಳಿಗ್ಗೆಯೂ ಪಾಪ ಕ್ಯಾಮೆರಾ ಒರೆಸ್ತಾ ಕೂತಿದ್ರು ಕಣೇ. ನೀನೇನಂದೆ?"

ಒಳಗಿನಿಂದ ಕರೆ ಬಂತು. ತಂಗಿ ಆಲ್ಬಮ್ಮು ಎತ್ತಿಕೊಂಡು ಎದ್ದಳು.

"ತೀರಿಕೊಂಡ್ರು ಅಂದೆ. ಒಳಗೆ ಬಂದು ಬಾಯಿ ಬಿಟ್ಟೀಯ, ಹುಷಾರು."