ದೋಣಿ ಎಳೆಯೋಕೆ ತಂದ ಗಾಡಿ

ಅಳಿವೆಯ ದಂಡೆ ಮೇಲೆ ಒಂದು ಊರು. ಆ ಊರಲ್ಲಿ ಒಬ್ಬ ಅನುಕೂಲಸ್ಥ. ಹೆಸರು ವಾಮನ ತಾಂಡೇಲ ಅಂತ ಇಟ್ಕೊಳ್ಳಿ. ಅಪ್ಪ ಒಂದು ದೋಣಿ ಬಿಟ್ಟು ಹೋಗಿದ್ದ, ಇವನು ಅದನ್ನ ಆರು ಮಾಡಿದ. ಕುಡಿಯೋನಲ್ಲ, ಜೂಜಾಡೋನಲ್ಲ, ಯಾರಿಗೂ ಕೆಟ್ಟದ್ದು ಬಯಸಿದವನೂ ಅಲ್ಲ. ನೋಡಿ, ಪ್ರವಚನದಲ್ಲಿ ಶ್ರೀಮಂತ ಬಂದ ಕೂಡಲೇ ನೀವು ಅವನನ್ನ ಕೆಟ್ಟವನು ಅಂತ ಬರೆದುಬಿಡ್ತೀರಿ. ಬರೀಬೇಡಿ. ಇವನು ನಮ್ಮ ಹಾಗೇ ಇದ್ದವನು.

ಮಳೆಗಾಲ ಬಂತು ಅಂದ್ರೆ ದೋಣಿಗಳನ್ನ ನೀರಲ್ಲಿ ಬಿಡೋ ಹಾಗಿಲ್ಲ. ಟ್ರೇಲರ್ ಮೇಲೆ ಹತ್ತಿಸಿ, ಗಾಡಿಗೆ ಕಟ್ಟಿ, ಗುಡ್ಡದ ಮೇಲಿನ ಶೆಡ್ಡಿಗೆ ಎಳ್ಕೊಂಡು ಹೋಗಬೇಕು. ಮಳೆ ಮುಗಿದ ಮೇಲೆ ಮತ್ತೆ ಕೆಳಗೆ ಇಳಿಸಬೇಕು. ಇಪ್ಪತ್ತೆರಡು ವರ್ಷದಿಂದ ಆ ಕೆಲಸ ಮಾಡ್ತಿದ್ದವನು ಡ್ರೈವರ್ ಬುಡಾನ್ ಸಾಬ.

ಆ ವರ್ಷ ದೋಣಿ ಮೇಲೆ ತರುವಾಗ ಹಳೇ ಟ್ರಕ್ಕು ಕೈಕೊಟ್ಟಿತು. ನೀರಿನಂಚಲ್ಲಿ ಪಾಚಿ ಕಟ್ಟಿದ ಕಲ್ಲುಹಾಸು. ಹಿಂದಿನ ಚಕ್ರ ಎರಡೂ ನಿಂತಲ್ಲೇ ಗಿರ್ರ್ ಅಂತ ತಿರುಗಿದವು, ಗಾಡಿ ಒಂದಡಿ ಮುಂದೆ ಹೋಗಲಿಲ್ಲ. ಹದಿನೈದು ಜನ ಬಂದು ಗೋಣಿಚೀಲ ಹಾಸಿ, ಹೆಗಲು ಕೊಟ್ಟು ದಬ್ಬಿದ್ರು. ವಾಮನ ಅವತ್ತೇ ಅಂದ, "ಹೊಸ ಗಾಡಿ ತರ್ತೇನೆ."

ತರೋದೇನೋ ಸರಿ. ಯಾವುದು? ಇಂಜಿನ್ನು ಹಿಂದಿನ ಎರಡೇ ಚಕ್ರ ತಿರುಗಿಸೋ ಗಾಡಿಯೋ, ನಾಲ್ಕೂ ಚಕ್ರ ತಿರುಗಿಸೋ ಗಾಡಿಯೋ?

ಮನೇಲಿ ಅದೇ ಮಾತು. ಊಟಕ್ಕೆ ಕೂತರೂ ಅದೇ, ಏಳುವಾಗಲೂ ಅದೇ. ತಮ್ಮ ದೇವಿದಾಸ ಅಂದ, "ಅಣ್ಣಾ, ವರ್ಷದಲ್ಲಿ ಎರಡು ಸಲ ದೋಣಿ ಎಳೆಯೋಕೆ ನಾಲ್ಕು ಚಕ್ರದ್ದು ಯಾಕೆ? ಡೀಸೆಲ್ ಕುಡಿಯುತ್ತೆ, ಕೆಟ್ಟರೆ ಇಲ್ಲಿ ಸಾಮಾನು ಸಿಗಲ್ಲ." ಹೆಂಡತಿಯ ಅಣ್ಣ ಬಿಡ್ತಾನಾ? "ಬಾವಾ, ಆ ಪಾಚಿ ಮೇಲೆ ಎರಡು ಚಕ್ರದ್ದು ಏನ್ ಕಿಸಿಯುತ್ತೆ ಅಂತ ಊರೇ ನೋಡಿದೆ. ನಾಲ್ಕರದ್ದೇ ತಗೋ." ಒಂದು ತಿಂಗಳು ಎರಡೋ ನಾಲ್ಕೋ, ಎರಡೋ ನಾಲ್ಕೋ. ವಾಮನನಿಗೆ ನಿದ್ದೆಯಲ್ಲೂ ಚಕ್ರ ತಿರುಗ್ತಿದ್ದವು.

ಎಲ್ಲರನ್ನೂ ಕೇಳಿದ. ಸ್ಟೇರಿಂಗ್ ಹಿಡಿಯೋನನ್ನ ಕೇಳಿದನಾ? ಕೇಳಲಿಲ್ಲ. ಬುಡಾನ್ ತಾನೇ ಒಂದು ದಿನ ಅಂಗಳದಲ್ಲಿ ನಿಂತು ಬಾಯಿಬಿಟ್ಟ.

"ಧಣಿ, ಪಾಚಿ ಹತ್ತೋಕೆ ನಾಲ್ಕರದ್ದು ಒಳ್ಳೇದು, ಸುಳ್ಳು ಹೇಳಲ್ಲ. ಆದ್ರೆ ಗುಡ್ಡ ಇಳಿಯೋವಾಗ ಎರಡರದ್ದಾದರೂ ಒಂದೇ, ನಾಲ್ಕರದ್ದಾದರೂ ಒಂದೇ. ಈಗ ಶೆಡ್ಡಲ್ಲಿ ಕಟ್ಟಿಸಿರೋ ಹೊಸ ದೋಣಿ ಹಳೇದಕ್ಕಿಂತ ಎರಡು ಪಟ್ಟು ಭಾರ. ಟ್ರೇಲರಿಗೆ ಬ್ರೇಕೇ ಇಲ್ಲ. ಮೊದಲು ಅದಕ್ಕೆ ಬ್ರೇಕ್ ಹಾಕ್ಸಿ."

"ನಾನು ಎಳೆಯೋ ಮಾತಾಡ್ತಿದ್ದೇನೆ, ನೀನು ನಿಲ್ಲಿಸೋ ಮಾತಾಡ್ತೀಯಲ್ಲ!" ಅಂತ ವಾಮನ ನಕ್ಕ. "ಆಮೇಲೆ ನೋಡೋಣ."

ಈ "ಆಮೇಲೆ ನೋಡೋಣ" ಇದೆಯಲ್ಲ, ತಾಯಂದಿರೇ, ಇದನ್ನ ನಾವು ದಿನಕ್ಕೆ ಎಷ್ಟು ಸಲ ಹೇಳ್ತೀವಿ?

ನಾಲ್ಕು ಚಕ್ರದ್ದೇ ಬಂತು. ಹೊಸ ಬಣ್ಣ, ಎತ್ತರದ ಸೀಟು. ಮಳೆ ಮುಗಿದ ಮೇಲೆ ಬರೋ ಸಮುದ್ರ ಪೂಜೆಯ ದಿನ ಎಲ್ಲರಿಗಿಂತ ಮೊದಲು ತನ್ನ ಹೊಸ ದೋಣಿ ನೀರು ಮುಟ್ಟಬೇಕು ಅಂತ ವಾಮನನ ಆಸೆ. ಬೆಳಿಗ್ಗೆ ಎಂಟು ಗಂಟೆಗೆ ದೋಣಿಯನ್ನ ಗಾಡಿಗೆ ಕಟ್ಟಿ ಆಯ್ತು, ಹೂವಿನ ಹಾರ ಆಯ್ತು, ಹೆಂಡತಿ ಶೇವಂತಿ ಪೂಜೆ ತಟ್ಟೆ ಹಿಡ್ಕೊಂಡು ಮುಂದೆ ಕೂತಳು. ಬುಡಾನ್ ಮಾತ್ರ ಹತ್ತಲಿಲ್ಲ. ಟ್ರೇಲರಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದವನು ಎದ್ದು ಬಂದು ಹೇಳಿದ, "ಇದನ್ನ ಕಟ್ಟಿಕೊಂಡು ನಾನು ಇಳಿಯಲ್ಲ ಧಣಿ. ಕೆಳಗೆ ಸಂತೆ ಕೂತಿದೆ."

ಇಪ್ಪತ್ತೆರಡು ವರ್ಷದಲ್ಲಿ ಅವನು ಮೊದಲ ಸಲ ಆಗಲ್ಲ ಅಂದದ್ದು. ವಾಮನನಿಗೆ ಮುಖಕ್ಕೆ ಹೊಡೆದ ಹಾಗಾಯ್ತು. ನೆಂಟರೆಲ್ಲ ನೋಡ್ತಿದ್ದಾರೆ ಬೇರೆ. "ಬೀಗದಕೈ ಕೊಡು. ಹೆದರಿಕೆ ಆದ್ರೆ ಮನೆಗೆ ಹೋಗು," ಅಂದ. ಬುಡಾನ್ ಕೊಟ್ಟ. ಕೊಟ್ಟು, ತಲೆಬಗ್ಗಿಸಿ, ಶೆಡ್ಡಿನ ಹಿಂದೆ ನೇರ ಕೆಳಗಿಳಿಯೋ ಕಾಲುದಾರಿ ಹಿಡಿದ.

ಮೊದಲ ತಿರುವಿನ ತನಕ ವಾಮನನಿಗೆ ಖುಷಿಯೇ. ಗಾಡಿ ಆನೆ ಹಾಗೆ ಹೋಗ್ತಿದೆ. ತಿರುವು ದಾಟಿತು, ದಾರಿ ಕಡಿದಾಯ್ತು. ಬ್ರೇಕ್ ಒತ್ತಿದ. ಗಾಡಿ ಸ್ವಲ್ಪ ತಡೀತು, ಮತ್ತೆ ಹೊರಟಿತು. ಜೋರಾಗಿ ಒತ್ತಿದ. ಬೆನ್ನಿಗೆ ಯಾರೋ ಕೈಯಿಟ್ಟು ದಬ್ಬಿದ ಹಾಗಾಯ್ತು. ದಬ್ಬುತ್ತಿದ್ದದ್ದು ಯಾರು? ಅವನದೇ ದೋಣಿ! ಅವನೇ ಹಾರ ಹಾಕಿದ ದೋಣಿ! ಕನ್ನಡಿಯಲ್ಲಿ ನೋಡ್ತಾನೆ, ಅದು ಹಿಂದೆ ಬರೋದು ಬಿಟ್ಟು ಪಕ್ಕಕ್ಕೆ ಬರ್ತಿದೆ. ನಾಲ್ಕು ಚಕ್ರದ ಲಿವರ್ ಎಳೆದ. ಏನು ಪ್ರಯೋಜನ? ಚಕ್ರಗಳೆಲ್ಲ ಒಟ್ಟಿಗೇ ಜಾರಿದವು.

"ರೀ, ಜನ... ಕೆಳಗೆ ಜನ..." ಅಂದಳು ಶೇವಂತಿ. ಅಷ್ಟೇ ಅಂದದ್ದು.

ಕೆಳಗೆ ರಸ್ತೆಯ ಎರಡೂ ಬದಿ ಮೀನು ಮಾರೋ ಹೆಂಗಸರು ಕೂರುವ ಜಾಗ. ವಾಮನ ಕಣ್ಣು ಮುಚ್ಚಲಿಲ್ಲ, ಮುಚ್ಚೋಕೆ ಆಗಲಿಲ್ಲ. ಬುಟ್ಟಿ ಕಂಡವು, ಕೊಡೆ ಕಂಡವು, ಗೋಣಿ ಮೇಲೆ ಹರಡಿದ ಬಂಗುಡೆ ಕಂಡಿತು. ಒಬ್ಬ ಹೆಂಗಸೂ ಕಾಣಲಿಲ್ಲ. ಗಾಡಿ ಬುಟ್ಟಿಗಳ ಮೇಲೆ ಹಾದು, ಮಂಜುಗಡ್ಡೆ ಶೆಡ್ಡಿನ ಗೋಡೆಗೆ ಗುದ್ದಿ ನಿಂತಿತು. ದೋಣಿ ಮಗುಚಿ ಎರಡು ಹೋಳಾಯ್ತು. ಶೇವಂತಿಯ ಎಡಗೈ ಮುರಿದಿತ್ತು. ಜೀವ ಎರಡೂ ಉಳಿದಿದ್ದವು.

ಜನ ಇಬ್ಬರನ್ನೂ ಕೆಳಗಿಳಿಸಿದರು. ಶೇವಂತಿಯನ್ನ ಆಸ್ಪತ್ರೆಗೆ ಒಯ್ಯಲು ಒಬ್ಬ ರಿಕ್ಷಾ ತರೋಕೆ ಓಡಿದ. ಅಷ್ಟರಲ್ಲಿ ಗಲಾಟೆ ಕೇಳಿಸಿತು. ಗೋಡೆಯ ಆಚೆ ಬದಿ ಹೆಂಗಸರ ಗುಂಪು, ನಡುವೆ ಬುಡಾನ್. ಅಂಗಿ ಹರಿದಿದೆ, ಮೊಣಕಾಲಲ್ಲಿ ರಕ್ತ. ಒಬ್ಬ ಮುದುಕಿ ಇನ್ನೂ ಬೈತಿದ್ದಾಳೆ, "ನನ್ನ ಜಡೆ ಹಿಡಿದು ಎಳೆದನಲ್ಲಾ ಈ ಸಾಯೋನು!" ಬೈತಾ ಬೈತಾ ತಿರುಗಿ ತಾನು ಕೂತಿದ್ದ ಜಾಗ ನೋಡಿದಳು.  ಅದೇ ಸಾಯೋನ ಕೈ ಹಿಡ್ಕೊಂಡು ಅಳೋಕೆ ಶುರು ಮಾಡಿದಳು.

ವಾಮನ ಕುಂಟುತ್ತಾ ಹತ್ತಿರ ಹೋದ. "ಬುಡಾನ್, ನೀನು ಮನೆಗೆ ಹೋಗಲಿಲ್ವಾ?"

"ಹೋಗ್ತಿದ್ದೆ ಧಣಿ. ಕಾಲು ಈ ಕಡೆ ಬಂತು."

ಬುಡಾನ್ ಬಯ್ಯಬಹುದಿತ್ತು. ಹೇಳಿರಲಿಲ್ವಾ ಅನ್ನಬಹುದಿತ್ತು. ಅನ್ನಲಿಲ್ಲ. ಆರು ದೋಣಿಯ ಯಜಮಾನ ಮೀನಿನ ನೀರು ಹರಿದ ರಸ್ತೆ ಮೇಲೆ ಕೂತ, ಡ್ರೈವರನ ಕಾಲು ಮುಟ್ಟಿದ. "ಅಯ್ಯೋ, ಏಳಿ, ಜನ ನೋಡ್ತಾರೆ" ಅಂದ ಬುಡಾನ್. "ನೋಡಲಿ," ಅಂದ ವಾಮನ. "ಬೆಳಿಗ್ಗೆ ಜನ ನೋಡ್ತಾರೆ ಅಂತಲೇ ನಾನು ಬೀಗದಕೈ ಕಿತ್ಕೊಂಡದ್ದು."

ಅಷ್ಟೇ ಕಥೆ. ಈಗ ನಿಮ್ಮಲ್ಲಿ ಕೆಲವರು ಯೋಚನೆ ಮಾಡ್ತಿದ್ದೀರಿ, ಹಾಗಾದ್ರೆ ಸ್ವಾಮಿಗಳೇ, ಎರಡರದ್ದು ಒಳ್ಳೇದೋ ನಾಲ್ಕರದ್ದೋ? ನೋಡಿ, ಮತ್ತೆ ಅದೇ ಪ್ರಶ್ನೆ! ಅವನು ತಂದ ಗಾಡಿ ತಪ್ಪಲ್ಲ. ಪಾಚಿ ಹತ್ತೋಕೆ ಅದೇ ಬೇಕು. ಒಂದು ತಿಂಗಳು ಮನೆಯವರೆಲ್ಲ ಕೂತು ಎಷ್ಟು ಶಕ್ತಿ ಬೇಕು ಅಂತ ಲೆಕ್ಕ ಹಾಕಿದ್ರು. ಆ ಶಕ್ತಿಯನ್ನ ತಡೆಯೋದು ಹೇಗೆ ಅಂತ ಕೇಳಿದವನು ಒಬ್ಬನೇ, ಅವನ ಮಾತಿಗೆ ನಕ್ಕರು.

ನಾವು ದೇವರ ಮುಂದೆ ನಿಂತು ಏನು ಕೇಳ್ತೀವಿ? ಬಲ ಕೊಡು, ಅಧಿಕಾರ ಕೊಡು, ಮುಂದೆ ಬರೋ ಹಾಗೆ ಮಾಡು. ತಡ್ಕೊಳ್ಳೋ ಶಕ್ತಿ ಕೊಡು ಅಂತ ಕೈಮುಗಿದವರು ಎಷ್ಟು ಜನ? ಸಿಟ್ಟು ಬಂದಾಗ ನಾಲಿಗೆ ನಿಲ್ಲುತ್ತಾ? ಮಗಳ ಮದುವೆಯ ಆಡಂಬರ ಶುರು ಮಾಡಿದ್ರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾ? ಇಳಿಜಾರಿನಲ್ಲಿ ನಮ್ಮನ್ನ ದಬ್ಬೋದು ನಾವೇ ಕಟ್ಟಿಕೊಂಡ ಭಾರ, ಬೇರೆ ಯಾರೂ ಅಲ್ಲ.

ಪ್ರತಿ ಮನೇಲೂ "ಸ್ವಲ್ಪ ತಡೀರಿ" ಅನ್ನೋ ಒಬ್ಬರು ಇರ್ತಾರೆ. ಅತ್ತೆ ಇರಬಹುದು, ಸೊಸೆ ಇರಬಹುದು, ಅಂಗಡಿಯ ಆಳು ಇರಬಹುದು. ನಾವು ಅವರಿಗೆ ಹೆದರುಪುಕ್ಕಲರು ಅಂತ ಹೆಸರಿಟ್ಟಿದ್ದೀವಿ. ಇವತ್ತು ಇಲ್ಲಿಂದ ಎದ್ದು ಹೋದ ಮೇಲೆ ಒಂದು ಕೆಲಸ ಮಾಡಿ. ಅವರ ಪಕ್ಕದಲ್ಲಿ ಕೂತು ಕೇಳಿ, "ನಾನು ಮಾಡ್ತಿರೋದರಲ್ಲಿ ನಿಮಗೆ ಯಾವುದು ಸರಿ ಕಾಣ್ತಿಲ್ಲ?" ಅಂತ. ಅವರು ಮೊದಲು ನಂಬಲ್ಲ. ಏನಿಲ್ಲ ಬಿಡಿ ಅಂತಾರೆ. ಏಳಬೇಡಿ. ಇನ್ನೊಂದು ಸಲ ಕೇಳಿ.