ಬರೀ ಒಳ್ಳೇದು

ಮರಳುಗಾಡಿನ ನಡುವಿನ ತಸ್ಸಿಲಿಯ ರಾಷ್ಟ್ರೀಯ ಉದ್ಯಾನದೊಳಗೆ ಮಳೆ ಬರುವುದೇ ಅಪರೂಪ. ಬಂತೆಂದರೆ ಒಣಹಳ್ಳಕ್ಕೆ ಹುಚ್ಚು ಹಿಡಿದು ದಾರಿಯನ್ನೇ ನುಂಗಿಬಿಡುತ್ತದೆ. ಆ ಸಂಜೆ ಹಾಗೇ ಆಯಿತು. ಘಾಲಿ ತನ್ನ ಜೀಪನ್ನು ಈಚೆ ದಡದಲ್ಲೇ ನಿಲ್ಲಿಸಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೆನ್ನಾತಾ ಅಜ್ಜಿಯ ಚಹಾ ಗುಡಿಸಲಿಗೆ ಓಡಿದ. ಜಾನೆತ್ ಊರಿನ ಕಡೆ ಹೊರಟಿದ್ದ ಬೇರೆ ಗಾಡಿಗಳವರೂ ಆಗಲೇ ಅಲ್ಲಿ ಸೇರಿದ್ದರು.

ಅಜ್ಜಿ ಬಾಗಿಲಲ್ಲೇ ಕೂತು ಒಬ್ಬೊಬ್ಬರನ್ನೂ ತಡೆದು ವಿಚಾರಿಸುತ್ತಿದ್ದಳು. ಹೇಗಿದ್ದೀ, ದಣಿವು ಹೇಗಿದೆ, ಮನೆಯವರು ಹೇಗಿದ್ದಾರೆ... ಎಲ್ಲದಕ್ಕೂ "ಒಳ್ಳೇದು, ಬರೀ ಒಳ್ಳೇದು" ಎನ್ನುವುದು ಆ ನಾಡಿನ ರೂಢಿ. ಮನೆ ಸುಟ್ಟುಕೊಂಡು ಬಂದವನೂ ಮೊದಲು ಹಾಗೇ ಹೇಳಬೇಕು. ಘಾಲಿಯೂ ಹೇಳಿದ. ಅವನ ಹಿಂದೆಯೇ ಬಂದ, ಕಣ್ಣೆರಡನ್ನು ಬಿಟ್ಟು ಉಳಿದ ಮುಖವೆಲ್ಲ ನೀಲಿ ರುಮಾಲಿನಲ್ಲಿ ಸುತ್ತಿಕೊಂಡಿದ್ದವನು ಮಾತ್ರ, "ಬಾಯಾರಿದೆ" ಎಂದ.

"ಹೊರಗೆ ಹೋಗಿ ಬಾಯಿ ತೆಕ್ಕೊಂಡು ನಿಂತ್ಕೊ ಮಾರಾಯ, ಪುಕ್ಕಟೆ ಸಿಗುತ್ತೆ" ಎಂದ ಘಾಲಿ. ಎಲ್ಲರೂ ನಕ್ಕರು. ರುಮಾಲಿನವನು ಮೂಲೆಗೆ ಹೋಗಿ ಕೂತ. ಅಜ್ಜಿ ನಗಲಿಲ್ಲ. ಕುದಿಯುವ ಚಹಾಕ್ಕೆ ಪುದೀನ ಹಾಕಿ ಮಾತು ತೆಗೆದಳು.

"ನಗ್ತೀರಾ? ನಗಿ. ನನ್ನ ತಂಗಿ ಲಾಲ್ಲಾನೂ ಒಂದು ಕಾಲಕ್ಕೆ ಹಿಂಗೇ ನಗ್ತಿದ್ಲು... ಅವಳ ದೊಡ್ಡ ಮಗ ಉಕ್ಸೆಮ್ ಇದೇ ದಾರೀಲಿ ಗಾಡಿ ತಗೊಂಡು ಹೋದೋನು ವಾಪಸ್ ಬರ್ಲಿಲ್ಲ ನೋಡಿ, ಅವತ್ತಿಂದ ನಗು ನಿಂತೋಯ್ತು. ಹುಡುಕೋರು ಹುಡುಕಿದ್ರು, ಒಂಟೆ ಮೇಲೆ ಹೋಗೋರು ಹೋದ್ರು, ಗಾಡಿ ಸಿಕ್ತು, ಮಗ ಸಿಗ್ಲಿಲ್ಲ. ಹೋದೋನಿಗೆ ಪ್ರಾರ್ಥನೆ ಮಾಡ್ಸು, ಎಲ್ಲಿದ್ದಾನೆ ಅಂತ ದೇವರಿಗೆ ಗೊತ್ತಿರುತ್ತೆ ಅಂದ್ರು ಎಲ್ಲಾ. ಅವಳೆಲ್ಲಿ ಕೇಳ್ತಾಳೆ? ದಿನಾ ಮರಳಲ್ಲಿ ರೊಟ್ಟಿ ಸುಟ್ಟಾಗ ಅವನ ಪಾಲು ಎತ್ತಿಡೋಳು. ಮುಖ ನೋಡದೆ ಅಳೋದಾದ್ರೂ ಹೆಂಗೆ, ಹೇಳಿ?

ಆಮೇಲೊಂದು ಬೇಸಿಗೇಲಿ ಅವಳ ಚಿಕ್ಕ ಮಗ ಕೆನಾನ್ ನಮ್ಮಿಬ್ಬರನ್ನೂ ಗಾಡೀಲಿ ಕೂರಿಸ್ಕೊಂಡು ಒಂದು ಮದುವೆಗೆ ಹೊರಟ. ಸುಡು ಮಧ್ಯಾಹ್ನ. ಆಚೆ ಈಚೆ ಬಂಡೆಗಳು, ಮುಗಿಲಿಗೆ ತಲೆ ಕೊಟ್ಟು ನಿಂತ ಬಂಡೆಗಳು... ಅವುಗಳ ಮೇಲೆ ಹಿಂದಿನೋರು ಬರೆದ ದನಗಳು, ಇಲ್ಲೆಲ್ಲ ಹುಲ್ಲು ಬೆಳೀತಿದ್ದ ಕಾಲದ ದನಗಳು. ಅಲ್ಲಿ ಹೋದ್ರೆ ನಂಗೆ ಈಗ್ಲೂ ಮಾತು ಹೊರಡಲ್ಲ. ಆ ದಾರಿ ಪಕ್ಕ ಒಬ್ಬ ನಿಂತಿದ್ದ, ಮುಖ ಮುಚ್ಕೊಂಡು. ಮರಳುಗಾಡಲ್ಲಿ ಮನುಷ್ಯನ್ನ ಕಂಡು ನಿಲ್ಲಿಸದೆ ಹೋಗಕ್ಕಾಗುತ್ತಾ? ಕೆನಾನ್ ಇಳಿದು ಅಂಗೈಗೆ ಅಂಗೈ ಸವರಿ ಕೇಳ್ದ: ಹೆಂಗಿದ್ದೀಯಣ್ಣ? ಅವನಂದ, ಬಾಯಾರಿದೆ. ದಣಿವು ಹೆಂಗಿದೆ? ಒಂದು ಹೆಜ್ಜೆ ಇಡಕ್ಕಾಗ್ತಿಲ್ಲ. ದಾರಿ ಹೆಂಗಿತ್ತು? ತಪ್ಪಿಹೋಯ್ತು. ಕೆನಾನ್ ನಮ್ಮ ಕಡೆ ತಿರುಗಿ, 'ಯಾವ ಕಾಡಿಂದ ಬಂದ ಇವ್ನು, ನಾಲ್ಕು ಜನರ ಮಾತೂ ಗೊತ್ತಿಲ್ವಲ್ಲ' ಅಂತ ಗೊಣಗ್ದ.

ಲಾಲ್ಲಾ ಮಾತ್ರ ಬಟ್ಟಲ ತುಂಬ ನೀರು ತಗೊಂಡು ಇಳಿದ್ಲು. ಅವನು ರುಮಾಲಿನ ಒಳಗಿಂದ್ಲೇ ಕುಡಿದ... ಗಟಗಟ ಕುಡಿದ... ಕುಡಿದಿದ್ದೆಲ್ಲ ಅವನ ಕಾಲ ಕೆಳಗೆ ಮರಳಿಗೆ ಇಳೀತಾ ಇತ್ತು. ನಾನೂ ಕಂಡೆ, ಅವಳೂ ಕಂಡ್ಲು. ಒಳ್ಳೇದು, ಬರೀ ಒಳ್ಳೇದು ಅಂತ ಸುಳ್ಳು ಹೇಳೋದು ಬದುಕಿರೋರಲ್ವಾ? ಸತ್ತೋರಿಗೆ ಯಾವ ಮುಲಾಜು?

ನನ್ನ ತಂಗಿ ಕಿರುಚಲಿಲ್ಲ. ಎಲ್ಲಿ ಇಳ್ಕೊಂಡಿದ್ದೀಯಪ್ಪಾ ಅಂತ ಕೇಳಿದ್ಲು. ದನ ಬರೆದಿರೋ ಬಂಡೆ ಕೆಳಗೆ, ನೆರಳಲ್ಲಿ ಅಂದ. ಮನೇಲಿ ಹೆಂಗಿದ್ದಾರೆ? ಅಮ್ಮ ರೊಟ್ಟಿ ಎತ್ತಿಟ್ಟಿದ್ದಾಳೆ...

ಆಮೇಲೆ ಅವನ ಸರದಿ. ಕೇಳಿಸ್ಕೊಂಡೋನು ತಿರುಗಿ ಕೇಳ್ಬೇಕಲ್ವಾ? ಅಮ್ಮಾ, ನೀನು ಹೆಂಗಿದ್ದೀಯ ಅಂದ.

ಮಡಿಲಲ್ಲಿ ಕೆಂಡ ಕಟ್ಕೊಂಡು ಬದುಕಿದ್ದೋಳು ಕಣ್ರಪ್ಪಾ ಅವಳು... ಒಂದು ಹನಿ ಕಣ್ಣೀರು ತರ್ಲಿಲ್ಲ. 'ಒಳ್ಳೇದು ಮಗನೇ' ಅಂದ್ಲು, 'ಬರೀ ಒಳ್ಳೇದು.'

ಅಷ್ಟೇ. ಆಮೇಲೆ ಅಲ್ಲಿದ್ದಿದ್ದು ಬಿಸಿಲು, ಒದ್ದೆ ಮರಳು. ಬಂಡೆ ಕೆಳಗೆ ಹೋಗಿ ನೋಡಿದ್ವಿ, ಇದ್ದ. ಅಲ್ಲೇ ಮಣ್ಣು ಮಾಡಿದ್ವಿ. ಆಗ ಅತ್ಲು ನೋಡಿ ನನ್ನ ತಂಗಿ, ಹೊತ್ತು ಮುಳುಗೋ ತನಕ ಅತ್ಲು. ಅವತ್ತಿಂದ ರೊಟ್ಟಿ ಎತ್ತಿಡಲಿಲ್ಲ."

ಹೊರಗೆ ಹಳ್ಳ ಮೊರೆಯುತ್ತಿತ್ತು. ಅಜ್ಜಿ ಬಟ್ಟಲಿಗೆ ನೀರು ತುಂಬಿಸಿದಳು.

"ಈ ಮರಳಲ್ಲಿ ಸಿಗದೆ ಹೋದೋನು ಉಕ್ಸೆಮ್ ಒಬ್ಬನೇನಾ? ಬಾಗಿಲಲ್ಲಿ ಕೂತು ಎಲ್ಲರನ್ನೂ ಯಾಕೆ ವಿಚಾರಿಸ್ತೀನಿ ಅಂದ್ಕೊಂಡ್ರಿ? ಘಾಲಿ, ಏಳಪ್ಪಾ. ನೀನೇ ಅಲ್ವಾ ತಮಾಷೆ ಮಾಡಿದ್ದು, ಮೂಲೇಲಿರೋ ಅವನಿಗೆ ನೀನೇ ನೀರು ಕೊಡು. ಎಲ್ಲಿ ಇಳ್ಕೊಂಡಿದ್ದೀಯ ಅಂತ ಮೆಲ್ಲಗೆ ಕೇಳು."

ಯಾರೂ ಮೂಲೆಯ ಕಡೆ ತಿರುಗಲಿಲ್ಲ. ಘಾಲಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಎದ್ದ. ನೀರು ಅಂಚಿನಿಂದ ತುಳುಕುತ್ತಿತ್ತು.

"ಅವನು ತಿರುಗಿ ನಿನ್ನ ಕೇಳಿದ್ರೆ" ಎಂದಳು ಅಜ್ಜಿ, "ಏನನ್ಬೇಕು, ಗೊತ್ತಲ್ಲ?"