ಅಪಾ ಫೋನನ್ನು ಕೇಳಿದ್ದು

ವೇದಿಕೆಯ ನಡುವೆ ಕುಳಿತಿರುವ ನಮ್ಮ ಕಣ್ಣಿನ ಆಸ್ಪತ್ರೆಯ ಮುಖ್ಯಸ್ಥರಾದ ಝೂಮಾಬೆಕ್ ಬೈಕೆ ಅವರೇ, ಬಿಷ್ಕೆಕ್‌ನಿಂದ ದೋಲೋನ್ ಕಣಿವೆ ದಾಟಿ ಬಂದಿರುವ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಕಣ್ಣು ತೋರಿಸಲು ಬಂದು ಊಟವೂ ಇದೆಯೆಂದು ಉಳಿದುಕೊಂಡಿರುವ ಸಭಿಕರೇ,

ರೋಗಿಗಳ ಪ್ರಶ್ನೆಗಳಿಗೆ ಫೋನಿನಲ್ಲಿ ಉತ್ತರ ಹೇಳುವ ಸಹಾಯಕವನ್ನು ನಾರಿನ್ ಸೀಮೆಗೆ ತಂದವಳು ಎಂದು ಇಂದು ನನ್ನನ್ನು ಸನ್ಮಾನಿಸಿದ್ದೀರಿ. ಕಣ್ಣಿನ ಪೊರೆ ಎಂದರೇನು, ಹನಿ ಔಷಧವನ್ನು ಏಕೆ ನಿಲ್ಲಿಸಬಾರದು ಎಂಬುದನ್ನೆಲ್ಲ ಆ ಕೃತಕ ಬುದ್ಧಿ ನಮ್ಮ ಕಿರ್ಗಿಜ್ ಭಾಷೆಯಲ್ಲೇ ಬೇಸರವಿಲ್ಲದೆ ಹೇಳುತ್ತದೆ. ಏನು ಹೇಳಬೇಕೆಂದು ಅದಕ್ಕೆ ಕಲಿಸಿದವರು ನಾವೇ. ಹಾಗಾದರೆ ಈ ಸನ್ಮಾನ ನ್ಯಾಯವೇ? ನ್ಯಾಯವೇ ಇರಬೇಕು. ಆದರೂ ನನಗೆ ಗೊಂದಲ.

ನನ್ನ ಅಪಾ, ನನ್ನ ತಾಯಿ ಬುರ್ಮಾಕಾನ್ ಅವರನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಆತ್‌ಬಾಶಿಯಲ್ಲಿ ಉಣ್ಣೆಯ ಹಾಸು ಹೊಲಿಯುವವರು. ಅವರಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ, ನೋಟ ಅಂಚಿನಿಂದ ಸದ್ದಿಲ್ಲದೆ ಕರಗುವ ಕಾಯಿಲೆ. ಹೋದ ನೋಟ ಮರಳುವುದಿಲ್ಲ. ಹನಿ ಹಾಕಿದರೆ ಉಳಿದದ್ದನ್ನು ಕಾಪಾಡಬಹುದು. ಹನಿ ಹಾಕಿದೆಯಾ ಎಂದು ನಾನು ಕೇಳಿದಾಗಲೆಲ್ಲ ಹಾಕಿದೆ ಎನ್ನುತ್ತಿದ್ದರು. ಆದರೂ ಒತ್ತಡ ಇಳಿಯುತ್ತಿರಲಿಲ್ಲ. ನಾನು ಔಷಧ ಬದಲಿಸಿದೆ, ಇನ್ನೊಂದು ಸೇರಿಸಿದೆ. ಕೊನೆಗೆ ಶಸ್ತ್ರಚಿಕಿತ್ಸೆಯ ಮಾತೆತ್ತಿದೆ. ಎಲ್ಲ ರೋಗಿಗಳಿಗೂ ಕೊಟ್ಟಂತೆ ಅವರಿಗೂ ಫೋನಿನಲ್ಲಿ ಸಹಾಯಕವನ್ನು ಹಾಕಿಕೊಟ್ಟೆ.

ಮುಂದಿನ ಸಲ ಪರೀಕ್ಷಿಸಿದರೆ ಒತ್ತಡ ಇಳಿದಿದೆ! ಯಂತ್ರ ಕೆಟ್ಟಿದೆಯೆಂದು ಇನ್ನೊಂದರಲ್ಲಿ ನೋಡಿದೆ. ಅದೂ ಅದನ್ನೇ ಹೇಳಿತು.

“ಅಪಾ, ಏನು ಮಾಡಿದೆ?”

“ಕೈ ನಡುಗುತ್ತೆ ಕಣೆ ಆಸಿಲ್. ಹನಿಯೆಲ್ಲ ಕೆನ್ನೆ ಮೇಲೇ ಬೀಳ್ತಿತ್ತು. ಮಲಗ್ಕೊಂಡು, ಕಣ್ಣು ಮುಚ್ಚಿ, ಮೂಗಿನ ಕಡೆ ಮೂಲೆಗೆ ಹನಿ ಬಿಟ್ಟು ಆಮೇಲೆ ಕಣ್ಣು ತೆಗಿ ಅಂತ ಫೋನಿನವಳು ಹೇಳಿಕೊಟ್ಲು.”

ಸಭಿಕರೇ, ಅದು ನಾನೇ ಬರೆದುಕೊಟ್ಟ ಉಪಾಯ! ಊರಿಗೆಲ್ಲ ತಿಳಿಸಿದ ನಾನು, ನನ್ನ ತಾಯಿಗೆ ಅದರ ಅಗತ್ಯವಿದೆಯೆಂದು ಹೇಗೆ ತಿಳಿಯದೆ ಹೋದೆ? ನನ್ನನ್ನೇಕೆ ಕೇಳಲಿಲ್ಲ ಎಂದೆ.

“ಕೈ ನಡುಗುತ್ತೆ ಅಂದ್ರೆ ನೀನು ಸೂಜಿ ಕಿತ್ಕೊಂಡು ನಿನ್ನ ಮನೇಲಿ ಕೂರಿಸ್ತಿದ್ದೆ. ಅವಳು ಎಲ್ಲಿಗೂ ಕರ್ಕೊಂಡು ಹೋಗಲ್ಲ.”

ಅದು ಅವಳಲ್ಲ, ಯಂತ್ರ ಎಂದು ನಾನು ವಿವರಿಸಿದೆ. ಗೊತ್ತು ಎಂದರು. ನನಗೆ ಸಂತೋಷವಾಯಿತೇ? ಆಯಿತು. ಹೊಟ್ಟೆಕಿಚ್ಚಾಯಿತೇ? ಇಷ್ಟು ದೊಡ್ಡ ಸಭೆಯಲ್ಲಿ ಹೇಳುವ ಮಾತಲ್ಲ ಅದು, ಆದರೆ ಆಯಿತು. ರೋಗಿ ಸತ್ಯ ಹೇಳಲಿ ಎಂದು ತಾನೇ ನಾವು ಅದನ್ನು ತಂದದ್ದು? ಹೇಳಿದರು. ಆಮೇಲೆ ನನಗೇಕೆ ಅಳು ಬಂತು? ಅಂದು ರೋಗಿಗಳು ಹೊರಗೆ ಕಾಯುತ್ತಿದ್ದರು, ನಾನು ಕೈ ತೊಳೆಯುವ ನೆಪದಲ್ಲಿ ನಲ್ಲಿಯ ಮುಂದೆ ನಿಂತಿದ್ದೆ.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಚಹಾ ಬಗ್ಗಿಸುತ್ತ ತಾಯಿ ಕೇಳಿದರು. “ನಾನು ಪೂರ್ತಿ ಕುರುಡಿ ಆಗ್ತೀನಾ? ಫೋನನ್ನ ಕೇಳಿದೆ. ನಿನ್ನ ಕಣ್ಣು ನೋಡಿದ ಡಾಕ್ಟರನ್ನೇ ಕೇಳು ಅಂತು. ಅದಕ್ಕೇ ಕೇಳ್ತಿದೀನಿ.”

ಈ ಪ್ರಶ್ನೆಗೆ ನಾನು ಪ್ರತಿದಿನ ಉತ್ತರಿಸುತ್ತೇನೆ. ಅಂದು ಕೇಳಿದವರು ನನ್ನ ತಾಯಿ. ಹಾಸಿನ ಮೇಲೆ ಅರ್ಧ ಹೊಲಿದ, ಟಗರಿನ ಕೊಂಬಿನಾಕಾರದ ಕೆಂಪು ಚಿತ್ತಾರವಿತ್ತು. ಅದರ ಅಂಚನ್ನು ಬೆರಳಿನಿಂದ ಸವರಿದೆ.

“ಗೊತ್ತಿಲ್ಲ ಅಪಾ,” ಎಂದೆ. “ಹನಿ ತಪ್ಪದೆ ಹಾಕಿದ್ರೆ ಉಳಿದಿದ್ದು ಉಳಿಯುತ್ತೆ ಅನ್ಸುತ್ತೆ. ಆದ್ರೂ ನಂಗೆ ಭಯ.”

ಅವರು ಬಟ್ಟಲನ್ನು ನನ್ನ ಮುಂದಿಟ್ಟರು. “ನಿಂಗೂನಾ? ನಂಗೊಬ್ಬಳಿಗೇ ಅಂದ್ಕೊಂಡಿದ್ದೆ,” ಎಂದು ನನ್ನ ಪಕ್ಕಕ್ಕೆ ಸರಿದು ಕುಳಿತರು.

ಮಹನೀಯರೇ, ಈ ಯೋಜನೆಯ ಸಾಧನೆಗಳೆಂದು ಬರೆದುಕೊಂಡು ಬಂದದ್ದು ಕೈಯಲ್ಲೇ ಉಳಿಯಿತು. ತಮಗೆ ಭಯವಿದೆಯೆಂಬ ಮಾತನ್ನು ನನ್ನ ತಾಯಿಯ ಬಾಯಿಂದ ಹೊರಡಿಸಿದ್ದು ಯಾರು, ನಾನೋ ಆ ಫೋನೋ, ಈಗಲೂ ತಿಳಿಯದು. ಯಾರಿಗೆ ಕೃತಜ್ಞತೆ ಹೇಳಬೇಕೆಂಬುದೂ ಸರಿಯಾಗಿ ತಿಳಿಯದೆ, ಕೇಳಿಸಿಕೊಂಡ ನಿಮಗೆಲ್ಲರಿಗೂ ಹೇಳುತ್ತಿದ್ದೇನೆ. ನಮಸ್ಕಾರ.